ಮನೋವೈದ್ಯಕೀಯ ವಾರ್ಡಿನಿಂದ ಹೊರಡುವವರೆಲ್ಲ ‘ತೃಪ್ತಿಯಾಗಿದೆ’ ಎಂದೇ ಬರೆಯುವುದೇಕೆ?

ಅಂಚೆಚೀಟಿ
ಮಾನಸಿಕ ಆರೋಗ್ಯ ಸೇವೆಯಲ್ಲಿ ರೋಗಿಗಳಿಗೆ ನ್ಯಾಯವಾಗಿ ನಡೆದುಕೊಳ್ಳಲಾಗುತ್ತಿದೆಯೇ ಎಂಬುದನ್ನು ಅಧ್ಯಯನ ಮಾಡುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಡುಗಡೆಯ ದಿನ ರೋಗಿಗಳು ತುಂಬಿಕೊಟ್ಟ ನಮೂನೆಗಳನ್ನು ನೋಡಿದರೆ ದೂರುವುದಕ್ಕೆ ಏನೂ ಇಲ್ಲ. ‘ತೃಪ್ತಿ’, ‘ಬಹಳ ತೃಪ್ತಿ’, ಮತ್ತೆ ‘ತೃಪ್ತಿ’. ಅದೇ ಜನರನ್ನು ಕೆಲವು ವಾರಗಳ ನಂತರ ಮಾತನಾಡಿಸಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಒಬ್ಬಾಕೆ ಐದಕ್ಕೆ ಐದು ಕೊಟ್ಟಿದ್ದರು. ಮಾತಿನ ನಡುವೆ, ತಮ್ಮನ್ನು ನಾಲ್ಕು ಜನ ಹಿಡಿದುಕೊಂಡು ಇಂಜೆಕ್ಷನ್ ಕೊಟ್ಟ ರಾತ್ರಿಯ ವಿಚಾರ ಬಂತು. ಏಕೆ ಕೊಟ್ಟರು ಎಂದು ಅವರಿಗೆ ಇವತ್ತಿಗೂ ಯಾರೂ ಹೇಳಿಲ್ಲವಂತೆ. ಹಾಗಿದ್ದ ಮೇಲೆ ಐದು ಅಂಕ ಏಕೆ ಎಂದರೆ, ‘ಪಾಪ, ಅವರ ಕಷ್ಟ ಅವರಿಗೆ’ ಎಂದರು.

ನನ್ನ ಪ್ರಶ್ನೆ ಇಷ್ಟೇ. ತೃಪ್ತಿಯನ್ನು ಅಳೆದರೆ ನ್ಯಾಯವನ್ನು ಅಳೆದಂತಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಏನನ್ನು ಕೇಳಬೇಕು, ಯಾರು ಕೇಳಬೇಕು? ಚಿಕಿತ್ಸೆ ಪಡೆದವರು, ಕೊಟ್ಟವರು, ಸುಮ್ಮನೆ ಅಭಿಪ್ರಾಯ ಉಳ್ಳವರು, ಎಲ್ಲರೂ ಬರೆಯಿರಿ.

ಒಂಬತ್ತನೆಯ ಹಾಸಿಗೆ
ನಮೂನೆಯನ್ನು ಹೇಗೆ ಕೊಡುತ್ತಾರೆ ಎಂಬುದನ್ನು ನೀವು ಕಣ್ಣಾರೆ ನೋಡಿದ್ದೀರಾ? ನನಗೆ ಕೊಟ್ಟದ್ದು ಹೀಗೆ: ಬಿಡುಗಡೆ ಪತ್ರ ನರ್ಸ್ ಅವರ ಎಡಗೈಯಲ್ಲಿತ್ತು, ನಮೂನೆ ಬಲಗೈಯಲ್ಲಿ. ಪೆನ್ನು ಅವರದೇ, ಏಕೆಂದರೆ ನನ್ನ ಪೆನ್ನನ್ನು ಮೊದಲ ದಿನವೇ ಬೆಲ್ಟು ಮತ್ತು ಚಾರ್ಜರಿನ ಜೊತೆ ತೆಗೆದಿಟ್ಟಿದ್ದರು. ನಾನು ಬರೆಯುವಾಗ ಅವರು ಪಕ್ಕದಲ್ಲೇ ನಿಂತಿದ್ದರು. ಒಳಗಿರಬೇಕೋ ಹೊರಗೆ ಹೋಗಬೇಕೋ ಎಂದು ತೀರ್ಮಾನಿಸುವವರ ಕಣ್ಣೆದುರಿಗೇ ‘ಅತೃಪ್ತಿ’ ಎಂದು ಗುರುತು ಹಾಕುವಷ್ಟು ಹುಚ್ಚು ನನಗೆ ಹಿಡಿದಿರಲಿಲ್ಲ.

ಮೂಲೆಮನೆ
ಕೊನೆಯ ವಾಕ್ಯವನ್ನು ಓದಿ ನಕ್ಕೆ. ನಗಬಾರದಿತ್ತೇನೋ.

ಒಂಬತ್ತನೆಯ ಹಾಸಿಗೆ
ನಗಿ, ನಗಿಸುವುದಕ್ಕೇ ಬರೆದದ್ದು.

ಅಂಕಿಅಂಶ
ಇದು ಹೊಸ ಕಾಯಿಲೆಯಲ್ಲ. ಎಂಟು ಪ್ರಶ್ನೆಗಳ ತೃಪ್ತಿ ಮಾಪಕವೊಂದು 1979ರಿಂದಲೂ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಕನಿಷ್ಠ 8 ಅಂಕ, ಗರಿಷ್ಠ 32. ಇಂಥ ಮಾಪಕಗಳಲ್ಲಿ ಬರುವ ಉತ್ತರಗಳೆಲ್ಲ ಮೇಲ್ತುದಿಯಲ್ಲಿಯೇ ಗುಂಪುಗೂಡುತ್ತವೆ. ಎಲ್ಲರಿಗೂ ಪ್ರಥಮ ದರ್ಜೆ ಬಂದ ಪರೀಕ್ಷೆಯಿಂದ ಯಾರು ಓದಿದ್ದಾರೆ ಎಂದು ತಿಳಿಯುವುದಿಲ್ಲ ತಾನೇ?

ನಿಮ್ಮ ‘ಅವರ ಕಷ್ಟ ಅವರಿಗೆ’ ಎಂಬುದಕ್ಕೂ ಸಂಶೋಧನೆಯಲ್ಲಿ ಜಾಗವಿದೆ. ಬ್ರಿಟನ್ನಿನ ವಿಲಿಯಮ್ಸ್, ಕಾಯ್ಲ್ ಮತ್ತು ಹೀಲಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆದವರನ್ನು ಕೂಲಂಕಷವಾಗಿ ಮಾತನಾಡಿಸಿದರು. ಕೆಟ್ಟ ಅನುಭವವಾದವರೂ ನಮೂನೆಯಲ್ಲಿ ತೃಪ್ತಿ ಎಂದೇ ಬರೆದಿದ್ದರು. ಅವರು ಮನಸ್ಸಿನಲ್ಲೇ ಎರಡು ಲೆಕ್ಕ ಹಾಕುತ್ತಿದ್ದರು: ಇದು ಸಿಬ್ಬಂದಿಯ ಕರ್ತವ್ಯವಾಗಿತ್ತೇ? ಆಗಿದ್ದರೂ, ಮಾಡದೇ ಇದ್ದದ್ದು ಅವರ ತಪ್ಪೇ, ಇಲ್ಲವೇ ಕೈಮೀರಿದ್ದೇ? ಎರಡನ್ನೂ ದಾಟಿದ ದೂರು ಮಾತ್ರ ‘ಅತೃಪ್ತಿ’ಯಾಗಿ ಕಾಗದಕ್ಕೆ ಇಳಿಯುತ್ತದೆ. ಉಳಿದದ್ದೆಲ್ಲ ಕ್ಷಮೆಯ ಖಾತೆಗೆ ಜಮೆ. ನೀವು ಅಳೆಯುತ್ತಿರುವುದು ಸೇವೆಯ ಗುಣಮಟ್ಟವನ್ನಲ್ಲ, ರೋಗಿಗಳ ಔದಾರ್ಯವನ್ನು.

ರಾತ್ರಿಪಾಳಿ
ನಾನು ಇಂಥ ವಾರ್ಡಿನಲ್ಲೇ ನರ್ಸ್. ಇಲ್ಲಿ ಎಲ್ಲರೂ ನಮ್ಮನ್ನು ಜೈಲರ್‌ಗಳಂತೆ ಚಿತ್ರಿಸುವ ಮೊದಲು ಒಂದು ಮಾತು. ರಾತ್ರಿ ಇಬ್ಬರೇ ಇರುತ್ತೇವೆ. ಒಬ್ಬರು ಔಷಧ ಹಂಚುತ್ತಿರುವಾಗ ಇನ್ನೊಬ್ಬರು ದಾಖಲೆ ಬರೆಯುತ್ತಿರುತ್ತಾರೆ. ಆಗ ಒಬ್ಬ ರೋಗಿ ಪಕ್ಕದವನ ಮೇಲೆ ಕುರ್ಚಿ ಎತ್ತಿದರೆ ಕಾರಣ ವಿವರಿಸುತ್ತಾ ನಿಲ್ಲುವುದಕ್ಕೆ ಆಗುವುದಿಲ್ಲ. ಪಕ್ಕದವನಿಗೂ ನ್ಯಾಯ ಬೇಕಲ್ಲವೇ? ಅವನೂ ರೋಗಿಯೇ.

ಒಂಬತ್ತನೆಯ ಹಾಸಿಗೆ
ಕುರ್ಚಿ ಎತ್ತಿದ ಕ್ಷಣದಲ್ಲಿ ವಿವರಿಸಿ ಎಂದು ಯಾರೂ ಕೇಳಿಲ್ಲ. ಮರುದಿನ ಬೆಳಿಗ್ಗೆ? ಅದರ ಮರುದಿನ? ಮೊದಲ ಪೋಸ್ಟಿನಲ್ಲಿರುವ ಆಕೆ ಮನೆಗೆ ಹೋದ ಮೇಲೂ ಕಾಯುತ್ತಿದ್ದಾರೆ.

ರಾತ್ರಿಪಾಳಿ
ಮರುದಿನ ಬೆಳಿಗ್ಗೆ ನನ್ನ ಪಾಳಿ ಮುಗಿದಿರುತ್ತದೆ. ಹಗಲಿನವರಿಗೆ ಅದು ದಾಖಲೆಯ ಒಂದು ಸಾಲು ಮಾತ್ರ. ನುಣುಚಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ನಡೆಯುವುದು ಹೀಗೆ. ಘಟನೆಯ ನಂತರ ರೋಗಿಯ ಜೊತೆ ಕುಳಿತು ಮಾತನಾಡುವುದು ನಿಯಮದ ಪುಸ್ತಕದಲ್ಲಿದೆ, ಕರ್ತವ್ಯಪಟ್ಟಿಯಲ್ಲಿ ಯಾರ ಹೆಸರಿನ ಮುಂದೆಯೂ ಇಲ್ಲ.

ಅಂಚೆಚೀಟಿ
@ರಾತ್ರಿಪಾಳಿ, ಈ ಕೊನೆಯ ಸಾಲನ್ನು ನನ್ನ ಟಿಪ್ಪಣಿಗೆ ಸೇರಿಸಿಕೊಳ್ಳಬಹುದೇ?

ರಾತ್ರಿಪಾಳಿ
ಸೇರಿಸಿಕೊಳ್ಳಿ. ಯಾವ ಆಸ್ಪತ್ರೆ ಎಂದು ಮಾತ್ರ ಕೇಳಬೇಡಿ.

ಕೆಂಪುಶಾಯಿ
ಯಾರು ಕೇಳಬೇಕು ಎಂಬ ಪ್ರಶ್ನೆಗೆ ಸಾಕಷ್ಟು ಒಳ್ಳೆಯ ಉತ್ತರವಿದೆ. ಕೆನಡಾದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರನ್ನು ಸಿಬ್ಬಂದಿ ಸಂದರ್ಶಿಸಿದರು, ಕೆಲವರನ್ನು ಸ್ವತಃ ಮಾನಸಿಕ ಆರೋಗ್ಯ ಸೇವೆ ಪಡೆದವರು ಸಂದರ್ಶಿಸಿದರು. ಒಟ್ಟಾರೆ ತೃಪ್ತಿ ಎರಡೂ ಕಡೆ ಹೆಚ್ಚೇ. ಆದರೆ ತೀರಾ ಕಟುವಾದ ಉತ್ತರಗಳು ಹೆಚ್ಚಾಗಿ ಬಂದದ್ದು ತಮ್ಮಂಥವರೇ ಎದುರು ಕುಳಿತಾಗ.

ಇದಕ್ಕಿಂತ ಗಟ್ಟಿಯಾದ ಉದಾಹರಣೆ ಮೆದುಳಿಗೆ ವಿದ್ಯುತ್ ಹಾಯಿಸುವ ವಿದ್ಯುತ್ ಕಂಪನ ಚಿಕಿತ್ಸೆಯದು. ಡಯಾನಾ ರೋಸ್ ಮತ್ತು ಸಂಗಡಿಗರು 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 35 ಅಧ್ಯಯನಗಳ ಸಮೀಕ್ಷೆ ಪ್ರಕಟಿಸಿದರು. ಅವುಗಳಲ್ಲಿ 26 ವೈದ್ಯರು ನಡೆಸಿದವು, 9 ರೋಗಿಗಳೇ ನಡೆಸಿದವು ಅಥವಾ ಅವರ ಸಹಭಾಗಿತ್ವದಲ್ಲಿ ನಡೆದವು. ವೈದ್ಯರ ಅಧ್ಯಯನಗಳಲ್ಲಿ ಚಿಕಿತ್ಸೆಯಿಂದ ಲಾಭವಾಯಿತು ಎಂದವರ ಪ್ರಮಾಣ ಹೆಚ್ಚು, ರೋಗಿಗಳ ಅಧ್ಯಯನಗಳಲ್ಲಿ ಕಡಿಮೆ. ಚಿಕಿತ್ಸೆ ಮುಗಿದ ಕೂಡಲೇ, ಚಿಕಿತ್ಸೆ ಕೊಟ್ಟವರೇ, ನಾಲ್ಕಾರು ಚುಟುಕು ಪ್ರಶ್ನೆ ಕೇಳಿದರೆ ಸಿಹಿ ಉತ್ತರ ಬರುತ್ತದೆ ಎಂಬುದು ಅದರ ಸಾರ. ನಮ್ಮ ಒಂಬತ್ತನೆಯ ಹಾಸಿಗೆಯವರ ಪೆನ್ನಿನ ಕಥೆ ಅದೇ ತಾನೇ? ಕನಿಷ್ಠ ಮೂರನೇ ಒಂದು ಭಾಗದಷ್ಟು ಜನ ನೆನಪು ಕಳೆದುಕೊಂಡದ್ದು ಹಾಗೆಯೇ ಉಳಿದಿದೆ ಎಂದಿದ್ದರು. ರೋಸ್ ಸ್ವತಃ ಮಾನಸಿಕ ಆರೋಗ್ಯ ಸೇವೆಯನ್ನು ಪಡೆದ ಸಂಶೋಧಕಿ. ಆ ವಿಷಯವನ್ನು ಮುಚ್ಚಿಡದೆ, ಅದನ್ನೇ ಸಂಶೋಧನೆಯ ಬಲವಾಗಿ ಮಾಡಿಕೊಂಡವರು.

ದಡ್ಡಪ್ರಶ್ನೆ
ಹಾಗಾದರೆ ರೋಗಿಗಳೇ ರೋಗಿಗಳನ್ನು ಕೇಳಿದಾಗ ತಕ್ಕಡಿ ಆ ಕಡೆ ವಾಲುವುದಿಲ್ಲವೇ? ಕೋಪ ಇರುವವರು ಕೋಪ ಇರುವವರ ಜೊತೆ ಕುಳಿತರೆ ಕೋಪವೇ ದಾಖಲಾಗುತ್ತದೆ.

ಕೆಂಪುಶಾಯಿ
ವಾಲಬಹುದು. ಆದರೆ ವೈದ್ಯರು ಕೇಳಿದರೆ ತಟಸ್ಥ, ರೋಗಿಗಳು ಕೇಳಿದರೆ ಪಕ್ಷಪಾತ ಎಂದು ನಾವು ಮೊದಲೇ ಒಪ್ಪಿಕೊಂಡುಬಿಡುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಎರಡೂ ಕಡೆಯಿಂದ ಕೇಳಿ, ವ್ಯತ್ಯಾಸ ಎಷ್ಟು ಎಂದು ವರದಿಯಲ್ಲೇ ಬರೆಯಿರಿ. ಆ ವ್ಯತ್ಯಾಸವೂ ಒಂದು ಫಲಿತಾಂಶವೇ.

ಹರಟೆಕಟ್ಟೆ
ಇದಕ್ಕೆಲ್ಲ 1973ರಲ್ಲೇ ಉತ್ತರ ಸಿಕ್ಕಿತ್ತು. ಅಮೆರಿಕದ ರೋಸೆನ್‌ಹಾನ್ ಎಂಬ ಮನಶ್ಶಾಸ್ತ್ರಜ್ಞ ಆರೋಗ್ಯವಂತರನ್ನು ರೋಗಿಗಳ ವೇಷದಲ್ಲಿ 12 ಆಸ್ಪತ್ರೆಗಳಿಗೆ ಸೇರಿಸಿದ. ಒಬ್ಬ ವೈದ್ಯನಿಗೂ ಗೊತ್ತಾಗಲಿಲ್ಲ. ಟಿಪ್ಪಣಿ ಬರೆದುಕೊಳ್ಳುವುದನ್ನೂ ಕಾಯಿಲೆಯ ಲಕ್ಷಣ ಎಂದೇ ಬರೆದರು. ಅಲ್ಲಿಗೆ ಮುಗಿಯಿತು, ಮನೋವೈದ್ಯಶಾಸ್ತ್ರವೇ ಬೊಗಳೆ.

ಅಂಕಿಅಂಶ
ಯಾರಾದರೂ ಇದನ್ನು ತಂದೇ ತರುತ್ತಾರೆ ಎಂದು ಕಾಯುತ್ತಿದ್ದೆ. ಪತ್ರಕರ್ತೆ ಸುಸಾನಾ ಕಹಲನ್ ಆ ಪ್ರಯೋಗದ ಮೂಲ ಕಾಗದಪತ್ರಗಳನ್ನು ಹುಡುಕಿಕೊಂಡು ಹೋಗಿ 2019ರಲ್ಲಿ ಬರೆದದ್ದನ್ನು ಓದಿ. ಪ್ರಕಟಿತ ಲೇಖನಕ್ಕೂ ದಾಖಲೆಗಳಿಗೂ ತಾಳೆಯಾಗುವುದಿಲ್ಲ. ಹುಸಿ ರೋಗಿಗಳಲ್ಲಿ ಹೆಚ್ಚಿನವರು ಯಾರೆಂದೇ ಪತ್ತೆಯಾಗಲಿಲ್ಲ. ಒಳ್ಳೆಯ ಅನುಭವವಾಯಿತು ಎಂದ ಒಬ್ಬರನ್ನು ಲೆಕ್ಕದಿಂದಲೇ ಕೈಬಿಡಲಾಗಿತ್ತು. ರೋಗಿಯ ಅನುಭವದ ಸಂಶೋಧನೆ ಹೇಗಿರಬಾರದು ಎಂಬುದಕ್ಕೆ ಬೇಕಾದರೆ ಅದನ್ನು ಉದಾಹರಿಸಿ.

ಹರಟೆಕಟ್ಟೆ
ಅನುಮಾನಗಳಿರಬಹುದು, ಆದರೂ ಅದು ಹೇಳಿದ ವಿಷಯ ಸುಳ್ಳಲ್ಲ. ಒಮ್ಮೆ ಹಣೆಪಟ್ಟಿ ಅಂಟಿದರೆ ಸಾಕು.

ಒಂಬತ್ತನೆಯ ಹಾಸಿಗೆ
ವಿಷಯ ನಿಜವಾಗಿದ್ದರೆ ಅದಕ್ಕೆ ನಿಜವಾದ ಸಾಕ್ಷಿಗಳೇ ಇದ್ದೇವೆ. ನಾಟಕದ ರೋಗಿಗಳು ಏಕೆ ಬೇಕು? ನಿಜವಾದ ರೋಗಿ ಹೇಳಿದರೆ ನಂಬದ ಜನ ವೇಷ ಹಾಕಿದ ಪ್ರೊಫೆಸರ್ ಹೇಳಿದರೆ ಐವತ್ತು ವರ್ಷ ಚರ್ಚಿಸುತ್ತಾರೆ.

ಮೂಲೆಮನೆ
👏

ಕಟಕಟೆ
ವೃತ್ತಿಯಲ್ಲಿ ವಕೀಲ, ಹಾಗಾಗಿ ‘ನ್ಯಾಯ’ ಎಂದ ಕೂಡಲೇ ಕಿವಿ ನೆಟ್ಟಗಾಯಿತು. ತೀರ್ಪು ನ್ಯಾಯವಾಗಿರುವುದು ಒಂದು, ತೀರ್ಪಿಗೆ ಬಂದ ದಾರಿ ನ್ಯಾಯವಾಗಿರುವುದು ಇನ್ನೊಂದು. ಎರಡನೆಯದರ ಬಗ್ಗೆ ಸಂಶೋಧಕರಾದ ಥಿಬೋ ಮತ್ತು ವಾಕರ್ 1975ರಲ್ಲೇ ಬರೆದಿದ್ದಾರೆ: ಸೋತವರೂ ತಮ್ಮ ಮಾತನ್ನು ಕೇಳಿಸಿಕೊಂಡರು ಎನಿಸಿದರೆ ಸೋಲನ್ನು ಒಪ್ಪುತ್ತಾರೆ.

ಇದನ್ನು ಮನೋವೈದ್ಯಕೀಯ ಆಸ್ಪತ್ರೆಯ ಬಾಗಿಲಿಗೆ ತಂದದ್ದು ಅಮೆರಿಕದ ಮೆಕಾರ್ಥರ್ ಸಂಶೋಧನಾ ಜಾಲ, 1990ರ ದಶಕದಲ್ಲಿ. ದಾಖಲಾಗುವಾಗ ನಿಮ್ಮ ಮೇಲೆ ಬಲವಂತವಾಯಿತೇ ಎಂದು ರೋಗಿಗಳನ್ನೇ ಕೇಳಿದರು. ಕಾನೂನಿನ ಪ್ರಕಾರ ಸ್ವಇಚ್ಛೆಯಿಂದ ಸೇರಿದ ಕೆಲವರು ‘ಹೌದು, ಬಲವಂತವೇ’ ಎಂದರು. ಆದೇಶದ ಮೇಲೆ ಸೇರಿದ ಕೆಲವರು ‘ಇಲ್ಲ’ ಎಂದರು! ವ್ಯತ್ಯಾಸ ಎಲ್ಲಿತ್ತು? ಬೆದರಿಕೆ ಹಾಕಿದರೇ, ಒಳ್ಳೆಯ ಮಾತಿನಲ್ಲಿ ಒಪ್ಪಿಸಿದರೇ, ತಮ್ಮ ಕಡೆಯ ಮಾತು ಹೇಳಲು ಬಿಟ್ಟರೇ, ಗೌರವ ಕೊಟ್ಟರೇ, ಮುಚ್ಚುಮರೆ ಇಲ್ಲದೆ ನಡೆದುಕೊಂಡರೇ. ಕಾಗದದ ಮೇಲಿನ ಸ್ಥಿತಿಗಿಂತ ಇವೇ ಹೆಚ್ಚು ತೂಗಿದವು. ಆದ್ದರಿಂದ ಅಂಚೆಚೀಟಿಯವರೇ, ‘ತೃಪ್ತಿಯಾಯಿತೇ’ ಎಂಬುದನ್ನು ಕೈಬಿಡಿ. ‘ನಿಮ್ಮ ಮಾತು ಕೇಳಿಸಿಕೊಂಡರೇ, ಕಾರಣ ಹೇಳಿದರೇ, ಸುಳ್ಳು ಹೇಳಿ ಕರೆತಂದರೇ’ ಎಂದು ಕೇಳಿ.

ಒಂಬತ್ತನೆಯ ಹಾಸಿಗೆ
ವಕೀಲರ ಮಾತು ಚೆನ್ನಾಗಿದೆ, ನನಗೆ ಭಯ ಹುಟ್ಟಿಸುವುದೂ ಅದೇ. ನಗುಮುಖದಿಂದ ಬೀಗ ಹಾಕಿದರೆ ಬೀಗ ಬಿದ್ದದ್ದು ಗೊತ್ತಾಗುವುದಿಲ್ಲ ಎಂಬ ಪಾಠವನ್ನು ಆಡಳಿತದವರು ಇದರಿಂದ ಕಲಿತರೆ? ‘ಅನುಭವ ಸುಧಾರಣೆ’ ಎಂದು ಸಿಬ್ಬಂದಿಗೆ ವಿನಯದ ತರಬೇತಿ ಕೊಡುತ್ತಾರೆ, ಬೀಗದ ಲೆಕ್ಕ ಯಾರೂ ಕೇಳುವುದಿಲ್ಲ.

ಕಟಕಟೆ
ಈ ಆಕ್ಷೇಪಣೆ ನ್ಯಾಯವಾದದ್ದೇ. ದಾರಿ ಚೆನ್ನಾಗಿದ್ದ ಮಾತ್ರಕ್ಕೆ ತೀರ್ಪು ಸರಿಯಾಗುವುದಿಲ್ಲ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ನಂತರ ಬಲವಂತದ ಚಿಕಿತ್ಸೆಯೇ ಇರಬಾರದು ಎನ್ನುವ ಬಲವಾದ ವಾದವೂ ಇದೆ. ಆದರೆ ಇವತ್ತು ರಾತ್ರಿ ಯಾರನ್ನೋ ದಾಖಲು ಮಾಡಿಯೇ ಮಾಡುತ್ತಾರಲ್ಲ, ಅವರಿಗೆ ಕಾರಣ ಹೇಳುವುದು ಆ ದೊಡ್ಡ ವಾದ ಮುಗಿಯುವವರೆಗೆ ಕಾಯಬೇಕಿಲ್ಲ.

ತೆರೆಯದ ಬಾಗಿಲು
ಎಲ್ಲರೂ ವಾರ್ಡಿನೊಳಗೇ ಇದ್ದೀರಿ. ವಾರ್ಡಿನವರೆಗೆ ಬಾರದವರ ಅನುಭವ? ಕುಗೆಲ್‌ಮಾಸ್ ಎಂಬ ಸಮಾಜಶಾಸ್ತ್ರಜ್ಞೆ ನ್ಯೂಯಾರ್ಕ್ ನಗರದ 320 ಮನೋಚಿಕಿತ್ಸಕರಿಗೆ, ಭೇಟಿಗೆ ಸಮಯ ಕೇಳುವ ರೋಗಿಗಳ ಹೆಸರಿನಲ್ಲಿ ಧ್ವನಿಸಂದೇಶ ಕಳುಹಿಸಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತೊಂದರೆ ಒಂದೇ, ವಿಮೆ ಒಂದೇ. ಬೇರೆಯಾಗಿದ್ದದ್ದು ಹೆಸರು ಮತ್ತು ಮಾತಿನ ಧಾಟಿ. ಮಧ್ಯಮ ವರ್ಗದ ಬಿಳಿಯರಂತೆ ಕೇಳಿಸಿದವರಲ್ಲಿ 28 ಶೇಕಡಾ ಮಂದಿಗೆ ಭೇಟಿಗೆ ಸಮಯ ಸಿಕ್ಕಿತು, ಮಧ್ಯಮ ವರ್ಗದ ಕಪ್ಪು ಜನರಂತೆ ಕೇಳಿಸಿದವರಲ್ಲಿ 17 ಶೇಕಡಾ. ಕಾರ್ಮಿಕ ವರ್ಗದ ಧಾಟಿಯಾದರೆ ಬಿಳಿಯರಾಗಲಿ ಕಪ್ಪು ಜನರಾಗಲಿ 8 ಶೇಕಡಾ. ಇವರಲ್ಲಿ ಯಾರಿಗೂ ತೃಪ್ತಿಯ ನಮೂನೆ ಬರುವುದಿಲ್ಲ. ಸೇವೆಯೇ ಸಿಗದವರು ಸರಾಸರಿಯಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು ತುದಿಯನ್ನೂ ನೋಡಿ. ಮಾತಿನ ಚಿಕಿತ್ಸೆಗೆ ಬಾಗಿಲು ತೆರೆಯದ ಅದೇ ಜನರಿಗೆ ಬಲವಂತದ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾಯಿದೆಯಡಿ ಬಂಧನಕ್ಕೊಳಗಾಗುವ ಸಂಭವ ಬಿಳಿಯರಿಗಿಂತ ಕಪ್ಪು ಜನರಿಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಎಂದು ಅಲ್ಲಿನ ಸರ್ಕಾರಿ ಅಂಕಿಅಂಶಗಳೇ ಹೇಳುತ್ತಿವೆ.

ದಡ್ಡಪ್ರಶ್ನೆ
ಅವರಲ್ಲಿ ಕಾಯಿಲೆಯೇ ಹೆಚ್ಚು ಇರಬಹುದಲ್ಲವೇ? ಕೇಳುತ್ತಿದ್ದೇನಷ್ಟೆ, ಹೊಡೆಯಬೇಡಿ.

ತೆರೆಯದ ಬಾಗಿಲು
ಬಡತನ, ವಲಸೆ, ತಾರತಮ್ಯ ಕಾಯಿಲೆಯನ್ನು ಹೆಚ್ಚಿಸುತ್ತವೆ, ಸರಿ. ಹೊರಗೆ ಸಮಯಕ್ಕೆ ಸಹಾಯ ಸಿಗದಿದ್ದರೆ ಪೊಲೀಸರ ಜೊತೆಗೇ ಆಸ್ಪತ್ರೆಗೆ ಬರಬೇಕಾಗುತ್ತದೆ, ಅದೂ ಸರಿ. ಆದರೆ ವೈದ್ಯರ ಕಣ್ಣನ್ನೂ ಪರೀಕ್ಷಿಸಿದ್ದಾರೆ. ಲೋರಿಂಗ್ ಮತ್ತು ಪವೆಲ್ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ 290 ಮನೋವೈದ್ಯರಿಗೆ ಒಂದೇ ರೋಗವಿವರ ಕೊಟ್ಟು ರೋಗಿಯ ಲಿಂಗ ಮತ್ತು ಜನಾಂಗವನ್ನು ಮಾತ್ರ ಬದಲಿಸಿದರು. ರೋಗನಿರ್ಣಯವೂ ಬದಲಾಯಿತು. ಕಪ್ಪು ಪುರುಷ ಎಂದು ಬರೆದಿದ್ದಾಗ ಹಿಂಸೆ, ಅಪಾಯ ಹೆಚ್ಚು ಕಾಣಿಸಿತು. ಕಾಗದದ ಮೇಲಿನ ರೋಗಿಗೆ ಬಡತನವೂ ಇಲ್ಲ, ವಲಸೆಯೂ ಇಲ್ಲ.

ತಂತ್ರಜ್ಞ
ಯಂತ್ರಕ್ಕೆ ಬಿಟ್ಟರೆ ಈ ತಾರತಮ್ಯ ಇರುವುದಿಲ್ಲ. ಯಾರಿಗೆ ಸೇವೆ ಮೊದಲು ಎಂದು ಕೃತಕ ಬುದ್ಧಿಮತ್ತೆ ತೀರ್ಮಾನಿಸಲಿ.

ಅಂಕಿಅಂಶ
ಒಬರ್‌ಮೇಯರ್ ತಂಡ, 2019, ‘ಸೈನ್ಸ್’ ಪತ್ರಿಕೆ. ಯಾರಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಗುರುತಿಸುವ ತಂತ್ರಾಂಶ ಕಾಯಿಲೆಯ ಬದಲು ಹಿಂದಿನ ಖರ್ಚನ್ನು ಅಳತೆಗೋಲಾಗಿಟ್ಟುಕೊಂಡಿತ್ತು. ಕಪ್ಪು ರೋಗಿಗಳ ಮೇಲೆ ಮೊದಲಿನಿಂದಲೂ ಕಡಿಮೆ ಖರ್ಚಾಗಿತ್ತು. ಹಾಗಾಗಿ ಅಷ್ಟೇ ಕಾಯಿಲೆಯಿದ್ದರೂ ಅವರು ‘ಅಷ್ಟೇನೂ ಅಗತ್ಯವಿಲ್ಲದವರು’ ಆದರು.

ತಂತ್ರಜ್ಞ
ಅದು ಅಳತೆಗೋಲಿನ ದೋಷ, ಯಂತ್ರದ್ದಲ್ಲ.

ಮೂಲೆಮನೆ
ಅಳತೆಗೋಲನ್ನು ಆರಿಸಿದ್ದು ಯಾರು ಎಂಬಲ್ಲಿಗೆ ಮತ್ತೆ ಬಂದೆವು. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಹೊರಗೆ ಕುಳಿತವಳು
ನಾನು ತಾಯಿ. ನನ್ನ ಮಗನನ್ನು ಕೇಳಿದರೆ ಅನ್ಯಾಯವಾಯಿತು ಎನ್ನುತ್ತಾನೆ. ನನ್ನನ್ನು ಕೇಳಿದರೆ, ಅವನು ಬದುಕಿದ್ದಾನೆ ಎನ್ನುತ್ತೇನೆ. ಇಬ್ಬರ ಉತ್ತರವೂ ನಿಜ. ನಿಮ್ಮ ಅಧ್ಯಯನದಲ್ಲಿ ನನ್ನ ಉತ್ತರವನ್ನು ಅವನ ಉತ್ತರದ ಬದಲಿಗೆ ಹಾಕಬೇಡಿ, ಬಹಳ ಕಡೆ ಹಾಗೆ ಮಾಡುತ್ತಾರೆ. ಅವನನ್ನು ಕೇಳಬೇಕಾದ್ದನ್ನು ನನ್ನನ್ನು ಕೇಳುತ್ತಾರೆ. ನನಗೆ ತಿಳಿಸಬೇಕಾದ್ದನ್ನು ಮಾತ್ರ ಗೌಪ್ಯತೆ ಎಂದು ತಿಳಿಸುವುದಿಲ್ಲ. ಬಿಡುಗಡೆಯ ದಿನ ಮಾತ್ರೆಗಳ ಪೊಟ್ಟಣ ನನ್ನ ಕೈಗೆ ಬಂತು. ಅದರಲ್ಲಿ ಯಾವುದು ಯಾವುದಕ್ಕೆ ಎಂದು ಹೇಳುವವರು ಇರಲಿಲ್ಲ.

ರಾತ್ರಿಪಾಳಿ
ಅಮ್ಮ, ಮಾತ್ರೆಯ ವಿಷಯದಲ್ಲಿ ಗೌಪ್ಯತೆಯ ನೆಪ ನಡೆಯುವುದಿಲ್ಲ. ಮಗನ ಒಪ್ಪಿಗೆ ಇದ್ದರೆ ಎಲ್ಲವನ್ನೂ ಹೇಳಬಹುದು. ಒಪ್ಪಿಗೆ ಇಲ್ಲದಿದ್ದರೂ ನೀವು ಹೇಳುವುದನ್ನು ಕೇಳಿಸಿಕೊಳ್ಳುವುದಕ್ಕೆ, ಔಷಧದ ಬಗ್ಗೆ ಸಾಮಾನ್ಯ ಮಾಹಿತಿ ಕೊಡುವುದಕ್ಕೆ ಅಡ್ಡಿಯಿಲ್ಲ.

ಬಿಳಿಹಾಳೆ
ಇಲ್ಲಿಯವರೆಗೂ ಯಾರೂ ದೇಹದ ಮಾತನ್ನೇ ಎತ್ತಿಲ್ಲ. ಹೊಟ್ಟೆನೋವು ಎಂದು ಹೋದರೆ ನನ್ನ ಹಳೆಯ ಕಡತ ತೆರೆದು, ಆತಂಕದ ಮಾತ್ರೆ ನಿಲ್ಲಿಸಿದ್ದೀರಾ ಎಂದು ಕೇಳಿದರು. ಹೊಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ. ಇದ್ದದ್ದು ಪಿತ್ತಕೋಶದ ಕಲ್ಲು. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ತಡೆಯಬಹುದಾದ ದೈಹಿಕ ಕಾಯಿಲೆಗಳಿಂದ ಆಗುವ ಸಾವುಗಳು. ನ್ಯಾಯದ ಅಧ್ಯಯನ ಎಂದರೆ ಇದನ್ನೂ ಎಣಿಸಿ.

ಅಂಚೆಚೀಟಿ
ಎಣಿಸುತ್ತೇವೆ. ಇದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ರಾತ್ರಿಪಾಳಿ
ಬರೀ ದೂರುಗಳಾಗುತ್ತಿವೆ, ಕೆಲಸಕ್ಕೆ ಬಂದದ್ದನ್ನೂ ಹೇಳೋಣ. ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ತಂಡ ‘ಸೇಫ್‌ವಾರ್ಡ್ಸ್’ ಎಂಬ ಕ್ರಮವನ್ನು 31 ವಾರ್ಡ್‌ಗಳಲ್ಲಿ ಪರೀಕ್ಷಿಸಿತು. ಮಾಡಿದ್ದೇನು? ಕೆಟ್ಟ ಸುದ್ದಿ ಬಂದ ರೋಗಿಯನ್ನು ಮೊದಲೇ ಮಾತನಾಡಿಸುವುದು, ಪಾಳಿ ಬದಲಾಗುವಾಗ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳುವುದು, ಸಿಬ್ಬಂದಿ ಮತ್ತು ರೋಗಿಗಳು ಪರಸ್ಪರ ಪರಿಚಯ ಮಾಡಿಕೊಳ್ಳುವುದು, ಇಂಥವೇ. ಸಂಘರ್ಷ 15 ಶೇಕಡಾ ಇಳಿಯಿತು, ಹಿಡಿದಿಡುವುದು, ಒಂಟಿಯಾಗಿ ಕೂಡಿಹಾಕುವುದು ಮುಂತಾದ ಕ್ರಮಗಳು 26 ಶೇಕಡಾ ಇಳಿದವು. 2015ರ ಫಲಿತಾಂಶ. ಆ ಒಳ್ಳೆಯ ಮಾತಿನ ಪದ್ಧತಿಯನ್ನು ನಾನೂ ಶುರು ಮಾಡಿದ್ದೇನೆ, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಕಟಕಟೆ
ಮುಂಗಡ ಹೇಳಿಕೆಯನ್ನೂ ಸೇರಿಸಿ. ಚೆನ್ನಾಗಿದ್ದಾಗಲೇ ‘ನನಗೆ ಮತ್ತೆ ಹೀಗಾದರೆ ಇದನ್ನು ಮಾಡಿ, ಇದನ್ನು ಮಾಡಬೇಡಿ’ ಎಂದು ಬರೆದಿಡುವುದು. 2016ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಇದರಿಂದ ಬಲವಂತದ ದಾಖಲಾತಿ 23 ಶೇಕಡಾ ಕಡಿಮೆಯಾಗಿತ್ತು. ಅದೇ, ಆಸ್ಪತ್ರೆಯಿಂದ ಹೊರಗೆ ಕಳುಹಿಸಿದ ಮೇಲೂ ಚಿಕಿತ್ಸೆ ಪಡೆಯಲೇಬೇಕು ಎಂಬ ಆದೇಶದ ಹಗ್ಗ ಕಟ್ಟಿಡುವ ಕ್ರಮವನ್ನು 2013ರ ಆಕ್ಸ್‌ಫರ್ಡ್ ಪ್ರಯೋಗ ಪರೀಕ್ಷಿಸಿದಾಗ ಎರಡೂ ಗುಂಪುಗಳಲ್ಲಿ ಮರಳಿ ದಾಖಲಾದವರು 36 ಶೇಕಡಾ. ಹಗ್ಗದಿಂದ ಕಿಂಚಿತ್ತೂ ವ್ಯತ್ಯಾಸವಾಗಲಿಲ್ಲ.

ಅಂಕಿಅಂಶ
ಮುಂಗಡ ಹೇಳಿಕೆಯ ವಿಷಯದಲ್ಲಿ ಒಂದು ತಿದ್ದುಪಡಿ. ಒಟ್ಟು ಲೆಕ್ಕ ಚೆನ್ನಾಗಿದೆ, ಆದರೆ ಇಂಗ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಪರಿಣಾಮ ಕಾಣಿಸಲಿಲ್ಲ. ವೈದ್ಯರು ಅದನ್ನು ಮಾಮೂಲಿ ಸಭೆಯ ಜೊತೆ ಸೇರಿಸಿ ಮುಗಿಸಿದ ಕಡೆಗಳಿದ್ದವು. ಬರೆದಿಟ್ಟದ್ದನ್ನು ತೆರೆದು ಓದದಿದ್ದರೆ ಅದು ಇನ್ನೊಂದು ನಮೂನೆ, ಅಷ್ಟೇ.

ಅಂಚೆಚೀಟಿ
ಎಲ್ಲರಿಗೂ ಧನ್ಯವಾದ. ನಮ್ಮ ಹೊಸ ಪ್ರಶ್ನೆಗಳ ಕರಡು ಹೀಗಿದೆ, ಕಿತ್ತುಹಾಕಿ ನೋಡೋಣ. ಬಿಡುಗಡೆಯಾಗಿ ಕೆಲವು ವಾರಗಳ ಮೇಲೆ, ಆಸ್ಪತ್ರೆಯ ಹೊರಗೆ, ಸೇವೆ ಪಡೆದ ಅನುಭವವಿರುವವರೇ ಕೇಳುತ್ತಾರೆ. ಒಂದು: ದಾಖಲಾಗುವಾಗ ನಿಮ್ಮ ಕಡೆಯ ಮಾತನ್ನು ಯಾರಾದರೂ ಕೊನೆಯವರೆಗೆ ಕೇಳಿದರೇ? ಎರಡು: ನಿಮಗೆ ಹೇಳದೆ ಅಥವಾ ಸುಳ್ಳು ಹೇಳಿ ಏನಾದರೂ ಮಾಡಿದರೇ? ಮೂರು: ನೀವು ಬೇಡ ಎಂದದ್ದನ್ನು ಮಾಡಿದ್ದರೆ, ಕಾರಣವನ್ನು ಯಾರು, ಯಾವಾಗ ಹೇಳಿದರು? ನಾಲ್ಕು: ಸಿಬ್ಬಂದಿ ನಿಮ್ಮನ್ನು ಬೇರೆಯವರಿಗಿಂತ ಭಿನ್ನವಾಗಿ ನಡೆಸಿಕೊಂಡರು ಎನಿಸಿತೇ, ಏಕೆ? ಐದು: ದೇಹದ ತೊಂದರೆ ಹೇಳಿಕೊಂಡಾಗ ಪರೀಕ್ಷಿಸಿದರೇ?

ತೆರೆಯದ ಬಾಗಿಲು
ನಾಲ್ಕನೆಯದು ದುರ್ಬಲ. ಪಕ್ಕದವನಿಗೆ ಏನು ಸಿಕ್ಕಿತು ಎಂದು ರೋಗಿಗೆ ಗೊತ್ತಿರುವುದಿಲ್ಲ. ಅದನ್ನು ಕಡತಗಳಿಂದ ತೆಗೆಯಿರಿ: ಯಾರಿಗೆ ಮಾತಿನ ಚಿಕಿತ್ಸೆ ಸಿಕ್ಕಿತು, ಯಾರಿಗೆ ಇಂಜೆಕ್ಷನ್ ಮಾತ್ರ.

ಹೊರಗೆ ಕುಳಿತವಳು
ಓದಲು ಬರೆಯಲು ಬಾರದವರನ್ನು, ಬೇರೆ ಭಾಷೆಯವರನ್ನು ಬಿಡಬೇಡಿ. ಮತ್ತೆ, ‘ಕೊನೆಯವರೆಗೆ’ ಎಂಬ ಮಾತು ಚೆನ್ನಾಗಿದೆ, ತೆಗೆಯಬೇಡಿ.

ಒಂಬತ್ತನೆಯ ಹಾಸಿಗೆ
‘ಸಿಬ್ಬಂದಿ’ ಎಂದರೆ ಯಾರು ಯಾರು? ಕಾವಲುಗಾರರು ಸೇರುತ್ತಾರೆಯೇ? ನನ್ನ ತೋಳು ತಿರುಚಿದ್ದು ವೈದ್ಯರೂ ಅಲ್ಲ, ನರ್ಸೂ ಅಲ್ಲ.

ಅಂಚೆಚೀಟಿ
ಕಾವಲುಗಾರರು ಗುತ್ತಿಗೆ ಸಂಸ್ಥೆಯವರು, ಆಸ್ಪತ್ರೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ ಎಂದು ನಮಗೆ ಹೇಳಿದ್ದರು.

ರಾತ್ರಿಪಾಳಿ
ಪಟ್ಟಿಯಲ್ಲಿ ಇಲ್ಲದಿದ್ದರೂ ರೋಗಿಯನ್ನು ಹಿಡಿಯಬೇಕಾದಾಗ ಮೊದಲು ಕರೆಯುವುದು ಅವರನ್ನೇ. ಪ್ರತ್ಯೇಕ ಪ್ರಶ್ನೆ ಹಾಕಿ. ಆಡಳಿತದವರು ತೆಗೆಯಿರಿ ಎಂದರೆ, ಏಕೆ ತೆಗೆಯಬೇಕು ಎಂದು ಬರಹದಲ್ಲಿ ಕೇಳಿ.